ಹಾಲು ಒಕ್ಕೂಟಕ್ಕೆ ದತ್ತಾಂಶ ಮತ್ತು ಮೆಟಾಡೇಟಾ ಕಾರ್ಯತಂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲಿನ ಲೆಕ್ಕ ಮೂರು ಕಡೆ ಹುಟ್ಟುತ್ತದೆ: ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ, ಶೀತಲೀಕರಣ ಕೇಂದ್ರದಲ್ಲಿ, ಒಕ್ಕೂಟದ ಡೇರಿಯಲ್ಲಿ. ಈ ಮೂರೂ ಒಂದಕ್ಕೊಂದು ತಾಳೆಯಾಗುವಂತೆ ಮಾಡುವುದು ಹೇಗೆ ಎಂದು ಒಕ್ಕೂಟದ ಅಧಿಕಾರಿಗಳು, ಕಂಪ್ಯೂಟರ್ ವಿಭಾಗದವರು, ವಿಸ್ತರಣಾಧಿಕಾರಿಗಳು, ಸಂಘದ ಕಾರ್ಯದರ್ಶಿಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಬೇರೆ ಸಹಕಾರ ಸಂಸ್ಥೆಗಳಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಕಾರ್ಯತಂತ್ರ ಅಂದರೆ ಕೊನೆಗೆ ಕೈಗೆ ಸಿಗುವುದೇನು?

ಎಂಟು ಹತ್ತು ಪುಟದ ಒಂದು ದಾಖಲೆ, ಅದರ ಜೊತೆಗೆ ಒಂದು ದತ್ತಾಂಶ ನಿಘಂಟು, ಅಂದರೆ ಪ್ರತಿ ಕಾಲಂನ ಅರ್ಥ ಮತ್ತು ವಿವರ ಹೇಳುವ ಪಟ್ಟಿ. ಅಂಕಿಗಳನ್ನು ನೆಚ್ಚಿ ಒಕ್ಕೂಟ ಯಾವ ನಿರ್ಧಾರಗಳನ್ನು ತೆಗೆದುಕೊಳ್ಳುತ್ತದೆ, ಅದಕ್ಕೆ ಯಾವ ದತ್ತಾಂಶ ಬೇಕು, ಅದು ಎಲ್ಲಿ ಹುಟ್ಟುತ್ತದೆ, ಹೊಣೆ ಯಾರದು, ಯಾರು ನೋಡಬಹುದು, ಎಷ್ಟು ವರ್ಷ ಇಡಬೇಕು, ಈ ವರ್ಷ ಯಾವುದನ್ನು ಸರಿಪಡಿಸುತ್ತೇವೆ, ಯಾವುದನ್ನು ಮುಂದಕ್ಕೆ ಹಾಕುತ್ತೇವೆ. ಇಷ್ಟು ಅದರಲ್ಲಿರಬೇಕು. ಆಡಳಿತ ಮಂಡಳಿ ಅದನ್ನು ಠರಾವಿನ ಮೂಲಕ ಒಪ್ಪಬೇಕು. ಠರಾವಿಲ್ಲದಿದ್ದರೆ ಲೆಕ್ಕಪತ್ರ ವಿಭಾಗವಾಗಲಿ ಶೇಖರಣಾ ವಿಭಾಗವಾಗಲಿ ತಮ್ಮ ಹಳೆಯ ನಮೂನೆಯನ್ನು ಬಿಟ್ಟುಕೊಡುವುದಿಲ್ಲ.

ಸಾಫ್ಟ್‌ವೇರಿನ ಹೆಸರು ಈ ದಾಖಲೆಯಲ್ಲಿ ಬರಬೇಕಾಗಿಲ್ಲ. ಮೊದಲು ಸಾಫ್ಟ್‌ವೇರ್ ಕೊಂಡು ಆಮೇಲೆ ಅದರೊಳಗೆ ಏನು ತುಂಬಬೇಕೆಂದು ಯೋಚಿಸಿದಲ್ಲೆಲ್ಲ ಹಳೆಯ ಗೊಂದಲವೇ ಹೊಸ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ಮೆಟಾಡೇಟಾ ಎಂಬುದು ನಮ್ಮ ಕೆಲಸದಲ್ಲಿ ಎಲ್ಲಿ ಬರುತ್ತದೆ?

ಒಂದು ಸಾಲಿನಲ್ಲಿ 42.5, 4.0, 8.44 ಎಂದಿದೆ ಎನ್ನಿ. ಮೊದಲನೆಯದು ಲೀಟರೋ ಕಿಲೋಗ್ರಾಮೋ? ಬೆಳಗಿನ ಹಾಲೋ ಸಂಜೆಯದೋ? ಎರಡನೆಯದು ಫ್ಯಾಟ್ ಎಂದುಕೊಂಡರೂ, ಅಳೆದದ್ದು ಯಾವ ಯಂತ್ರ, ಆ ಯಂತ್ರವನ್ನು ಕೊನೆಯ ಸಲ ಸರಿಹೊಂದಿಸಿದ್ದು ಯಾವಾಗ? ಮೂರನೆಯದು ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಆದರೆ ಅದನ್ನು ಯಂತ್ರವೇ ಕೊಟ್ಟಿತೋ, ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ಅಳೆಯುವ ಸಾಧನ) ತೋರಿಸಿದ ಡಿಗ್ರಿಯಿಂದ ಸೂತ್ರ ಹಾಕಿ ತೆಗೆದರೋ? ಈ ಪ್ರಶ್ನೆಗಳ ಉತ್ತರವೇ ಮೆಟಾಡೇಟಾ. ಇದು ಇಲ್ಲದಿದ್ದರೆ ಆ ಮೂರು ಅಂಕಿಗಳಿಂದ ಇವತ್ತಿನ ಬಿಲ್ಲು ಮಾಡಬಹುದು, ಮುಂದಿನ ವರ್ಷ ಬರುವ ತಕರಾರಿಗೆ ಉತ್ತರ ಕೊಡಲಾಗದು.

ಎಸ್‌ಎನ್‌ಎಫ್ ಸೂತ್ರವನ್ನೇ ನೋಡಿ. ಸರಿಪಡಿಸಿದ ಲ್ಯಾಕ್ಟೋಮೀಟರ್ ಡಿಗ್ರಿಯನ್ನು 4ರಿಂದ ಭಾಗಿಸಿ, ಅದಕ್ಕೆ ಫ್ಯಾಟಿನ ಒಂದು ಪಾಲನ್ನೂ ಒಂದು ಸ್ಥಿರ ಸಂಖ್ಯೆಯನ್ನೂ ಕೂಡಿಸುತ್ತಾರೆ. ಒಂದು ಕಡೆ ಫ್ಯಾಟನ್ನು 0.25ರಿಂದ ಗುಣಿಸಿ 0.44 ಸೇರಿಸುವ ಸೂತ್ರವಿದೆ, ಇನ್ನೊಂದು ಕಡೆ 0.21ರಿಂದ ಗುಣಿಸಿ 0.36 ಸೇರಿಸುವ ಸೂತ್ರವಿದೆ. ಡಿಗ್ರಿ 28, ಫ್ಯಾಟ್ 4.0 ಇದ್ದರೆ ಮೊದಲನೆಯದು 8.44 ಕೊಡುತ್ತದೆ, ಎರಡನೆಯದು 8.20. ಹಸುವಿನ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಕನಿಷ್ಠ ಎಸ್‌ಎನ್‌ಎಫ್ 8.3. ಹಾಲು ಅದೇ, ಹಸು ಅದೇ. ಒಂದು ಸೂತ್ರದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಯಾವ ಸಂಘದಲ್ಲಿ, ಯಾವ ದಿನಾಂಕದಿಂದ, ಯಾವ ಸೂತ್ರ ಎಂಬುದು ದಾಖಲಾಗಿರದಿದ್ದರೆ ಎರಡು ಸಂಘಗಳ ಗುಣಮಟ್ಟವನ್ನು ಹೋಲಿಸುವುದೇ ರೈತರಿಗೆ ಮಾಡುವ ಅನ್ಯಾಯ.

ಎಲ್ಲಿಂದ ಶುರು ಮಾಡಬೇಕು?

ನಿರ್ಧಾರಗಳಿಂದ. ಒಕ್ಕೂಟದಲ್ಲಿ ವರ್ಷವಿಡೀ ತಪ್ಪದೆ ನಡೆಯುವ ನಾಲ್ಕೈದು ನಿರ್ಧಾರಗಳನ್ನು ಬರೆದುಕೊಳ್ಳಿ: ರೈತರಿಗೆ ಬಟವಾಡೆ, ಹಾಲಿನ ವಾಹನಗಳ ಮಾರ್ಗ, ಪಶು ಆಹಾರದ ದಾಸ್ತಾನು, ಕೃತಕ ಗರ್ಭಧಾರಣೆ ಮತ್ತು ಪಶುವೈದ್ಯ ಸೇವೆ, ಸುಗ್ಗಿಯ ಹಾಲನ್ನು ಪುಡಿ ಮಾಡುವ ತೀರ್ಮಾನ. ಪ್ರತಿಯೊಂದಕ್ಕೂ ಇವತ್ತು ಯಾವ ರಿಜಿಸ್ಟರ್, ಯಾವ ಫೈಲ್ ನೋಡುತ್ತಾರೆ ಎಂದು ಆ ಕೆಲಸ ಮಾಡುವವರನ್ನೇ ಕೇಳಿ.

ಆಮೇಲೆ ಪಟ್ಟಿ. ಸಂಘದ ಹಾಲು ಶೇಖರಣಾ ರಿಜಿಸ್ಟರ್, ಸ್ವಯಂಚಾಲಿತ ಶೇಖರಣಾ ಯಂತ್ರದ ದತ್ತಾಂಶ, ಶೀತಲೀಕರಣ ಕೇಂದ್ರದ ಲಾಗ್ ಪುಸ್ತಕ, ಟ್ಯಾಂಕರ್ ಚೀಟಿ, ಡೇರಿಯ ಪ್ರಯೋಗಾಲಯದ ವರದಿ, ಲೆಕ್ಕಪತ್ರ ಸಾಫ್ಟ್‌ವೇರ್, ವಿಸ್ತರಣಾಧಿಕಾರಿಗಳ ಮೊಬೈಲಿನಲ್ಲಿರುವ ಎಕ್ಸೆಲ್ ಹಾಳೆಗಳು, ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಫೋಟೊಗಳು, ಎಲ್ಲವೂ ಪಟ್ಟಿಗೆ ಬರಬೇಕು. ಕೊನೆಯ ಎರಡನ್ನು ಬಿಡುವವರೇ ಹೆಚ್ಚು. ತುರ್ತಿನಲ್ಲಿ ನಿಜವಾಗಿ ಬಳಕೆಯಾಗುವುದು ಮಾತ್ರ ಅವೇ. ಪ್ರತಿಯೊಂದರ ಮುಂದೆ ಐದು ಸಂಗತಿ ಸಾಕು: ಎಲ್ಲಿದೆ, ಯಾರು ಬರೆಯುತ್ತಾರೆ, ಎಷ್ಟು ಸಲ, ಯಾವ ರೂಪದಲ್ಲಿ, ಯಾರು ಓದುತ್ತಾರೆ. ಯಾರೂ ಓದದ ವರದಿಗಳು ಈ ಹಂತದಲ್ಲೇ ಬಯಲಾಗುತ್ತವೆ, ಅವನ್ನು ನಿಲ್ಲಿಸಿದರೆ ಕಾರ್ಯದರ್ಶಿಗಳ ಎಷ್ಟೋ ಹೊತ್ತು ಉಳಿಯುತ್ತದೆ.

ಇಡೀ ಜಿಲ್ಲೆಯನ್ನು ಒಟ್ಟಿಗೆ ಹಿಡಿಯಬೇಡಿ. ಒಂದು ಮಾರ್ಗ, ಅದರ ಹತ್ತು ಹದಿನೈದು ಸಂಘಗಳು, ಒಂದು ಶೀತಲೀಕರಣ ಕೇಂದ್ರ. ಮೂರು ತಿಂಗಳು ಅಲ್ಲಿ ನಡೆಸಿ ನೋಡಿ.

ಲೀಟರಿನಲ್ಲಿ ಇಡಬೇಕೋ, ಕಿಲೋಗ್ರಾಮಿನಲ್ಲೋ?

ಅಳೆದದ್ದು ಯಾವುದರಲ್ಲೋ ಅದರಲ್ಲೇ ಇಡಿ, ಪಕ್ಕದ ಕಾಲಂನಲ್ಲಿ ಅಳತೆಯ ಮಾನ (ಲೀಟರೋ ಕಿಲೋವೋ) ಬರೆಯಿರಿ, ಪರಿವರ್ತನೆಯನ್ನು ಒಂದೇ ಕಡೆ, ಒಂದೇ ಗುಣಕದಿಂದ ಮಾಡಿ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಸಂಘದಲ್ಲಿ ಲೀಟರು, ಡೇರಿಯಲ್ಲಿ ಟ್ಯಾಂಕರನ್ನೇ ತೂಗುವ ವೇ ಬ್ರಿಜ್‌ನಲ್ಲಿ ಕಿಲೋ ಇದ್ದು, ಕಾಲಂನ ತಲೆಬರಹ ಎರಡೂ ಕಡೆ ಬರೀ ‘ಪ್ರಮಾಣ’ ಎಂದಿದ್ದರೆ ನಷ್ಟ ಹೀಗಾಗುತ್ತದೆ: 10,000 ಕಿಲೋ ಎಂದರೆ ನಿಜವಾಗಿ ಸುಮಾರು 9,709 ಲೀಟರ್. ಅದನ್ನು 10,000 ಲೀಟರ್ ಎಂದು ಓದಿದರೆ ಇಲ್ಲದ 291 ಲೀಟರ್ ಹಾಲು ಲೆಕ್ಕಕ್ಕೆ ಸೇರಿತು. ಲೀಟರಿಗೆ 35 ರೂಪಾಯಿ ಹಿಡಿದರೂ ದಿನಕ್ಕೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಇದು ದಾರಿಯಲ್ಲಿ ನೀರು ಬೆರೆಸಿದಂತೆ ಕಾಣುತ್ತದೆ, ಟ್ಯಾಂಕರ್ ಚಾಲಕನ ಮೇಲೆ ಅನುಮಾನ ಬರುತ್ತದೆ. ತಪ್ಪು ಇರುವುದು ಮಾತ್ರ ತಲೆಬರಹದಲ್ಲಿ.

ಮಾನ ಬರೆಯದೆ ಕೆಟ್ಟದ್ದು ಹಾಲಿನ ಲೆಕ್ಕ ಒಂದೇ ಅಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ಕಳೆದುಹೋದದ್ದು, ಒಂದು ತಂಡದ ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡದ್ದು ನ್ಯೂಟನ್ ಮಾನ ಎಂದು ಓದಿದ್ದರಿಂದ.

ದರಪಟ್ಟಿ ಬದಲಾದಾಗಲೆಲ್ಲ ಹಳೆಯ ಬಿಲ್ಲು ತಪ್ಪು ತೋರಿಸುತ್ತದೆ, ಯಾಕೆ?

ಹಳೆಯ ದರವನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುವುದರಿಂದ. ದರಪಟ್ಟಿಯ ಪ್ರತಿ ಸಾಲಿಗೂ ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಎಂಬ ಎರಡು ಕಾಲಂ ಇರಲಿ, ದಿನಾಂಕದ ಜೊತೆ ಹೊತ್ತೂ ಇರಲಿ. ದರ ಸಂಜೆಯ ಹಾಲಿನಿಂದ ಬದಲಾಗುವುದುಂಟು. ಆದೇಶದ ಸಂಖ್ಯೆಯನ್ನೂ ಅಲ್ಲೇ ಬರೆಯಿರಿ. ಹಳೆಯ ಸಾಲನ್ನು ಮುಚ್ಚಬೇಕೇ ಹೊರತು ಅಳಿಸಬಾರದು.

ಸಂಘ, ಮಾರ್ಗ, ತಾಲ್ಲೂಕು, ಜಿಲ್ಲೆಗಳಿಗೂ ಇದೇ ನಿಯಮ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಧಾರವಾಡ ಒಕ್ಕೂಟದಿಂದ ಹಾವೇರಿ ಒಕ್ಕೂಟ ಬೇರೆಯಾಯಿತು. ಹೀಗೆ ಭಾಗವಾದಾಗ ಸಂಘದ ಸಂಕೇತ ಸಂಖ್ಯೆಯೊಳಗೇ ಜಿಲ್ಲೆಯ ಅಂಕಿ ಅಡಗಿದ್ದರೆ ಪ್ರತಿ ಸಂಘಕ್ಕೂ ಹೊಸ ಸಂಕೇತ ಕೊಡಬೇಕಾಗುತ್ತದೆ, ಐದು ವರ್ಷದ ಇತಿಹಾಸ ತುಂಡಾಗುತ್ತದೆ. ಸಂಕೇತ ಸಂಖ್ಯೆಗೆ ಅರ್ಥವಿರಬಾರದು. ಅದು ಬರೀ ಗುರುತು. ಜಿಲ್ಲೆ, ತಾಲ್ಲೂಕು, ಗ್ರಾಮ ಬೇರೆ ಕಾಲಂಗಳಲ್ಲಿರಲಿ, ಅವಕ್ಕೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿಯ ಸಂಕೇತಗಳನ್ನು ಬಳಸಿ. ಒಂದೇ ಹೆಸರಿನ ಊರುಗಳು ಒಂದೇ ಜಿಲ್ಲೆಯಲ್ಲಿ ಹಲವು ಇರುವ ನಾಡು ನಮ್ಮದು, ಹೆಸರನ್ನು ನಂಬಿ ಜೋಡಿಸಲಾಗದು.

ಸದಸ್ಯರ ಹೆಸರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೊಂದುವುದೇ ಇಲ್ಲ. ಏನು ಮಾಡುವುದು?

ಹೆಚ್ಚು ಹಣ, ಹೆಚ್ಚು ಕಣ್ಣೀರು ಹೋಗುವುದು ಇಲ್ಲೇ. ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸಂಘದ ಪಟ್ಟಿಯ ‘ಗೌರಮ್ಮ ಕೋಂ ನಂಜೇಗೌಡ’ ಬ್ಯಾಂಕಿನಲ್ಲಿ ‘ಗೌರಮ್ಮ ಎನ್’ ಆಗಿ, ಆಧಾರ್‌ನಲ್ಲಿ ‘ಗವರಮ್ಮ’ ಆಗಿದ್ದರೆ ಹಣ ತಿಂಗಳುಗಟ್ಟಲೆ ನಿಲ್ಲಬಹುದು.

ಹೆಸರಿನಿಂದ ಜೋಡಿಸುವುದನ್ನು ನಿಲ್ಲಿಸಿ, ಬದಲಾಗದ ಸದಸ್ಯ ಸಂಖ್ಯೆ ಕೊಡಿ. ಸದಸ್ಯರು ತೀರಿಕೊಂಡರೆ ಆ ಸಂಖ್ಯೆಯನ್ನು ಮಗನಿಗೋ ಸೊಸೆಗೋ ದಾಟಿಸಬೇಡಿ. ಹೊಸ ಸಂಖ್ಯೆ ಕೊಟ್ಟು ‘ಯಾರ ಬದಲಿಗೆ’ ಎಂಬ ಕಾಲಂನಲ್ಲಿ ಹಳೆಯದನ್ನು ಬರೆಯಿರಿ. ಹೆಸರಿಗೆ ಮೂರು ಕಾಲಂ ಬೇಕು: ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇದ್ದಂತೆಯೇ. ಇನಿಷಿಯಲ್ ಬೇರೆ ಇರಲಿ, ತಂದೆ ಅಥವಾ ಗಂಡನ ಹೆಸರು ಬೇರೆ, ಸಂಬಂಧ ಬೇರೆ.

ಕನ್ನಡ ಅಕ್ಷರಗಳಲ್ಲೇ ಅಡಗಿರುವ ತೊಡಕುಗಳನ್ನು ಕಂಪ್ಯೂಟರ್ ವಿಭಾಗ ಮುಂಚೆಯೇ ನಿವಾರಿಸಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಾಟಕ್ಕೂ ಸಿಗುವುದಿಲ್ಲ. ಪರಿವರ್ತಕದಿಂದ ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ನೋಡಬೇಕು, ಕೆಡುವುದು ಅಲ್ಲಿ. ಎರಡನೆಯದು, ಸೊನ್ನೆ. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನು ಒತ್ತುವ ರೂಢಿ ಬಹಳ ಇದೆ. ‘ಬೆಂಗಳೂರು’, ‘ಬೆ೦ಗಳೂರು’ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಊರು. ಅಕ್ಷರದ ಪಕ್ಕದಲ್ಲಿರುವ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸುವ ನಿಯಮ ಹಾಕಿ. ಮೂರನೆಯದು, ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತಂದೇ ಉಳಿಸಿ. ಕೊನೆಯದು, ಕಣ್ಣಿಗೆ ಕಾಣದ ಜೋಡಕ ಮತ್ತು ವಿಭಾಜಕ ಚಿಹ್ನೆಗಳು, ಅಂದರೆ ಅಕ್ಷರಗಳನ್ನು ಕೂಡಿಸುವ, ಬಿಡಿಸುವ ಸಂಕೇತಗಳು. ತೋರಿಸುವ ಪಠ್ಯದಲ್ಲಿ ಅವು ಬೇಕು, ಹೋಲಿಸುವಾಗ ಮಾತ್ರ ತೆಗೆದು ಹೋಲಿಸಿ.

ಇಷ್ಟಾದ ಮೇಲೂ ಉಳಿಯುವ ಜೋಡಿಗಳನ್ನು ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶದಲ್ಲಿ ಅಕ್ಷರದ ಅಂತರ ಅಳೆಯುವ ವಿಧಾನದಿಂದ ಗುಂಪು ಮಾಡಬಹುದು. ಇಂಗ್ಲಿಷ್ ಉಚ್ಚಾರಣೆಗಾಗಿ ಮಾಡಿದ ವಿಧಾನಗಳು ಕನ್ನಡಕ್ಕೆ ಹೊಂದುವುದಿಲ್ಲ. ಕೊನೆಯ ತೀರ್ಮಾನ ಆ ಊರಿನ ಕಾರ್ಯದರ್ಶಿಯದೇ ಆಗಿರಲಿ. ಇಬ್ಬರು ನಂಜಮ್ಮನವರು ಒಬ್ಬರೋ ಇಬ್ಬರೋ ಎಂಬುದು ಅವರಿಗೆ ಗೊತ್ತು.

ದತ್ತಾಂಶ ನಿಘಂಟಿನಲ್ಲಿ ಏನೇನು ಬರೆಯಬೇಕು?

ಪ್ರತಿ ಕಾಲಂಗೂ: ಹೆಸರು, ಸರಳ ಕನ್ನಡದಲ್ಲಿ ಅರ್ಥ, ಮಾನ, ರೂಪ, ಇರಬಹುದಾದ ಮಿತಿ, ಎಲ್ಲಿ ಹುಟ್ಟುತ್ತದೆ, ಹೊಣೆಗಾರರು, ವೈಯಕ್ತಿಕ ಮಾಹಿತಿಯೋ ಅಲ್ಲವೋ, ಕೊನೆಯ ಬದಲಾವಣೆಯ ದಿನಾಂಕ. ಒಂದು ಮಾದರಿ:

ಹೆಸರು: ಫ್ಯಾಟ್ ಶೇಕಡಾ.
ಅರ್ಥ: ಒಬ್ಬ ಸದಸ್ಯರು ಒಂದು ಹೊತ್ತಿನಲ್ಲಿ ಹಾಕಿದ ಹಾಲಿನ ಮಾದರಿಯಲ್ಲಿ ಯಂತ್ರ ತೋರಿಸಿದ ಕೊಬ್ಬಿನಂಶ.
ರೂಪ: ಒಂದು ದಶಮಾಂಶ ಸ್ಥಾನ.
ಮಿತಿ: ಹಸುವಿನ ಹಾಲಿಗೆ 2.5ರಿಂದ 6.0, ಹೊರಗಿದ್ದರೆ ಎಚ್ಚರಿಕೆ, ತಡೆ ಇಲ್ಲ.
ಹುಟ್ಟು: ಸಂಘದ ಹಾಲು ಪರೀಕ್ಷಾ ಯಂತ್ರ. ಕೈಯಿಂದ ತುಂಬಿದ್ದರೆ ಪಕ್ಕದ ಕಾಲಂನಲ್ಲಿ ‘ಕೈ’ ಎಂದು ಗುರುತು.
ಹೊಣೆ: ಶೇಖರಣಾ ವಿಭಾಗದ ವ್ಯವಸ್ಥಾಪಕರು.

‘ಕೈ’ ಎಂಬ ಆ ಗುರುತು ಚಿಕ್ಕದು, ಆದರೆ ಯಂತ್ರ ಕೆಟ್ಟ ದಿನಗಳನ್ನು ಬೇರೆ ಮಾಡಿ ನೋಡಲು ಅದಿಲ್ಲದೆ ದಾರಿಯಿಲ್ಲ. ಮೊದಲ ಸುತ್ತಿನಲ್ಲಿ ನಲವತ್ತು ಐವತ್ತು ಕಾಲಂಗಳಿಗೆ ಮಾತ್ರ ಬರೆಯಿರಿ, ಅಂದರೆ ಬಟವಾಡೆಗೆ ತಾಗುವಷ್ಟು. ಆರು ನೂರು ಕಾಲಂಗಳ ನಿಘಂಟಿಗೆ ಕೈಹಾಕಿದರೆ ಅರ್ಧದಲ್ಲೇ ನಿಲ್ಲುತ್ತದೆ.

ನಿಘಂಟಿಗೆ ಹೊರಗಿನ ಮಾದರಿ ಬೇಕಿದ್ದರೆ ಭಾರತ ಸರ್ಕಾರದ ಎಂಡಿಡಿಎಸ್ (ಮೆಟಾಡೇಟಾ ಮತ್ತು ದತ್ತಾಂಶ ಮಾನದಂಡಗಳು) ಎಂಬ ಮಾನದಂಡ ವ್ಯಕ್ತಿಯ ಹೆಸರು ಮತ್ತು ಊರುಕೇರಿಗಳ ವಿಷಯದಲ್ಲಿ ನೆರವಾಗುತ್ತದೆ. ಸುತ್ತೋಲೆ, ಠರಾವು, ಫೋಟೊಗಳಂಥ ಕಡತಗಳಿಗೆ ಡಬ್ಲಿನ್ ಕೋರ್ ಎಂಬ ಅಂತರರಾಷ್ಟ್ರೀಯ ಮೆಟಾಡೇಟಾ ಮಾದರಿಯ 15 ಅಂಶಗಳಲ್ಲಿ ಶೀರ್ಷಿಕೆ, ಕರ್ತೃ, ದಿನಾಂಕ, ವಿಷಯ, ಭಾಷೆ, ಗುರುತು ಸಂಖ್ಯೆ ಎಂಬ ಆರು ಸಾಕು.

ಹೊಣೆಗಾರರು ಯಾರಾಗಬೇಕು? ಕಂಪ್ಯೂಟರ್ ವಿಭಾಗವೇ?

ಅಲ್ಲ. ಅಂಕಿ ತಪ್ಪಾದರೆ ಯಾರ ಕೆಲಸ ಕೆಡುತ್ತದೋ ಅವರು. ಸದಸ್ಯರ ಪಟ್ಟಿ ಮತ್ತು ಶೇಖರಣೆ ಶೇಖರಣಾ ವಿಭಾಗದ್ದು, ದರಪಟ್ಟಿ ಲೆಕ್ಕಪತ್ರದ್ದು, ಜಾನುವಾರು ಪಶುವೈದ್ಯ ವಿಭಾಗದ್ದು. ಕಂಪ್ಯೂಟರ್ ವಿಭಾಗ ಇಡುವವರು, ಕಾಯುವವರು. ಹುದ್ದೆಯ ಹೆಸರಿನಲ್ಲಿ ಬರೆಯಿರಿ. ವ್ಯಕ್ತಿಯ ಹೆಸರಿನಲ್ಲಿ ಬರೆದರೆ ಮೊದಲ ವರ್ಗಾವಣೆಗೇ ಅದು ಹಳತಾಗುತ್ತದೆ.

ಎಕ್ಸೆಲ್‌ನಲ್ಲೇ ನಡೆಸಬಹುದೇ?

ನಿಘಂಟನ್ನು ನಡೆಸಬಹುದು, ಹಾಲಿನ ದಿನವಹಿಯನ್ನು ಬೇಡ. 150 ಸದಸ್ಯರ ಒಂದು ಸಂಘದಲ್ಲಿ ಎರಡು ಹೊತ್ತಿನಂತೆ ವರ್ಷಕ್ಕೆ 1,09,500 ಸಾಲು. ಅಂಥ ಹತ್ತು ಸಂಘ ಸೇರಿದರೆ 10,95,000. ಎಕ್ಸೆಲ್ ಹಾಳೆಯ ಮಿತಿ 10,48,576. ಹಳೆಯ ರೂಪದ ಫೈಲಿನಲ್ಲಿ 65,536 ಮಾತ್ರ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದದ್ದು ಈ ಹಳೆಯ ಮಿತಿಯಿಂದಲೇ.

ಇನ್ನೂ ಮೂರು ಅಪಾಯಗಳಿವೆ. ‘0412’ ಎಂಬ ಸಂಘದ ಸಂಕೇತ ‘412’ ಆಗುತ್ತದೆ. 15 ಅಂಕಿಗಿಂತ ಉದ್ದದ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ, ಮತ್ತೆ ಸಿಗುವುದಿಲ್ಲ. ಹಸುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಘಾತ ರೂಪದಲ್ಲಿ (1.23E+11 ಎಂಬಂತೆ) ಕಾಣುತ್ತದೆ, ಆ ಸ್ಥಿತಿಯಲ್ಲೇ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಮಾಡಿದರೆ ಮೂಲ ಅಂಕಿ ಹೋಗುತ್ತದೆ. ಕೂಡಿಸಿ ಕಳೆಯದ ಸಂಖ್ಯೆಗಳನ್ನೆಲ್ಲ ಪಠ್ಯ ರೂಪದಲ್ಲೇ ಇಡಿ. ಫೈಲನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಉಳಿಸುವ ವಿಧಾನ) ಸಿಎಸ್‌ವಿ ಆಗಿ ಉಳಿಸಿ, ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಬಹುದು. ದಿನಾಂಕ 2025-04-07 ಎಂಬ ಕ್ರಮದಲ್ಲಿರಲಿ. 07-04 ಏಪ್ರಿಲ್ ಏಳೋ ಜುಲೈ ನಾಲ್ಕೋ ಎಂಬ ಪ್ರಶ್ನೆ ಏಳುವುದಿಲ್ಲ.

ಮೆಟಾಡೇಟಾ ಕ್ಯಾಟಲಾಗ್ ಸಾಫ್ಟ್‌ವೇರ್ ಕೊಳ್ಳಬೇಕೇ?

ಮೊದಲ ವರ್ಷ ಬೇಡ. ಕ್ಯಾಟಲಾಗ್ ಎಂದರೆ ಯಾವ ದತ್ತಾಂಶ ಎಲ್ಲಿದೆ, ಎಲ್ಲಿಂದ ಬಂತು ಎಂದು ತೋರಿಸುವ ಸೂಚಿ. ಓಪನ್‌ಮೆಟಾಡೇಟಾ, ಡೇಟಾಹಬ್ ಎಂಬ ಇಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಅವನ್ನು ನಡೆಸಲು ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು. ನಾಲ್ಕೈದು ಡೇಟಾಬೇಸ್ ದಾಟಿದ ಮೇಲೆ, ಒಂದು ವರದಿಯ ಅಂಕಿ ಎಲ್ಲಿಂದ ಬಂತೆಂದು ಹುಡುಕಲು ಅರ್ಧ ದಿನ ಹಿಡಿಯುವಾಗ ಯೋಚಿಸಿ.

ದತ್ತಾಂಶದ ಗುಣಮಟ್ಟವನ್ನು ದಿನವೂ ನೋಡುವುದು ಹೇಗೆ?

ಮೂರು ತಾಳೆ. ಸಂಘದಲ್ಲಿ ಸದಸ್ಯರಿಂದ ಬಂದ ಹಾಲಿನಿಂದ ಸ್ಥಳೀಯ ಮಾರಾಟ ಮತ್ತು ಮಾದರಿ ಹಾಲು ಕಳೆದರೆ ಕಳಿಸಿದ ಹಾಲು ಬರಬೇಕು. ಸಂಘಗಳು ಕಳಿಸಿದ ಮೊತ್ತ ಶೀತಲೀಕರಣ ಕೇಂದ್ರದ ಆವಕಕ್ಕೆ ಹೊಂದಬೇಕು. ಅಲ್ಲಿಂದ ಹೋದದ್ದು ಡೇರಿಯ ಆವಕಕ್ಕೆ ಹೊಂದಬೇಕು. ಹಾಲಿನ ಪ್ರಮಾಣ ಮಾತ್ರ ಸಾಲದು, ಕೊಬ್ಬನ್ನು ಕಿಲೋ ಲೆಕ್ಕದಲ್ಲಿ ತಾಳೆ ನೋಡಿ. ಹಾಲು ತೆಗೆದು ಅಷ್ಟೇ ನೀರು ಸೇರಿಸಿದರೆ ಪ್ರಮಾಣ ಹೊಂದುತ್ತದೆ, ಕೊಬ್ಬಿನ ಕಿಲೋ ಹೊಂದುವುದಿಲ್ಲ.

ಇದರ ಜೊತೆ ಒಂದು ಸೂಕ್ಷ್ಮ ನೋಟ: ಒಬ್ಬ ಸದಸ್ಯರ ಫ್ಯಾಟ್ ಹತ್ತು ದಿನ ಒಂದೇ ಅಂಕಿ ಇದ್ದರೆ ಅಲ್ಲಿ ಪರೀಕ್ಷೆ ನಡೆದಿಲ್ಲ. ಹಸುವಿನ ಹಾಲು ಬೆಳಿಗ್ಗೆಗೂ ಸಂಜೆಗೂ ಬದಲಾಗುತ್ತದೆ. ವ್ಯತ್ಯಾಸ ಕಂಡಾಗ ಅಂಕಿಯನ್ನು ತಿದ್ದಬೇಡಿ. ಮೂಲ ಹಾಗೇ ಇರಲಿ, ತಿದ್ದುಪಡಿಯನ್ನು ಬೇರೆ ಸಾಲಿನಲ್ಲಿ ಕಾರಣ, ಹೆಸರು, ಸಮಯದೊಂದಿಗೆ ಬರೆಯಿರಿ.

ರೈತರ ವೈಯಕ್ತಿಕ ಮಾಹಿತಿಗೆ ಕಾನೂನು ಏನನ್ನುತ್ತದೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಅವಕಾಶವಿದೆ. ಯಾವ ಮಾಹಿತಿ, ಯಾಕೆ ಎಂಬ ತಿಳಿವಳಿಕೆ ಪತ್ರವನ್ನು ರೈತರು ಕನ್ನಡದಲ್ಲಿ ಕೇಳಿ ಪಡೆಯಬಹುದು, ನೀವೇ ಕನ್ನಡದಲ್ಲಿ ಕೊಡಿ. ಭದ್ರತೆಯಲ್ಲಿ ಲೋಪವಾಗಿ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಸೈಬರ್ ದಾಳಿಯನ್ನು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕೆಂಬ 2022ರ ನಿರ್ದೇಶನ ಬೇರೆ ಇದೆ.

ತಕ್ಷಣ ಮಾಡಬೇಕಾದ್ದು: ಆಧಾರ್ ಜೆರಾಕ್ಸ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದನ್ನು ನಿಲ್ಲಿಸಿ. ವರದಿಗಳಲ್ಲಿ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣಲಿ. ಸಂಘದ ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಖಾತೆ ಸಂಖ್ಯೆ ಇರಬಾರದು. ನಿಘಂಟಿನಲ್ಲಿ ‘ವೈಯಕ್ತಿಕ’ ಎಂಬ ಗುರುತು ಹಾಕಿದ್ದು ಇದಕ್ಕಾಗಿಯೇ, ಆ ಕಾಲಂಗಳು ಎಲ್ಲೆಲ್ಲಿವೆ ಎಂದು ಒಂದೇ ಹುಡುಕಾಟದಲ್ಲಿ ಸಿಗುತ್ತದೆ.

ಯಂತ್ರ ಮತ್ತು ಸಾಫ್ಟ್‌ವೇರ್ ಕೊಡುವ ಕಂಪನಿಯ ಕರಾರಿನಲ್ಲಿ ಏನಿರಬೇಕು?

ದತ್ತಾಂಶ ಸಂಘದ್ದು ಮತ್ತು ಒಕ್ಕೂಟದ್ದು ಎಂಬ ಸ್ಪಷ್ಟ ಮಾತು. ಪೂರ್ತಿ ದತ್ತಾಂಶವನ್ನು ಕಾಲಂಗಳ ವಿವರದೊಂದಿಗೆ ಸಿಎಸ್‌ವಿಯಲ್ಲಿ, ಹೆಚ್ಚುವರಿ ಹಣವಿಲ್ಲದೆ, ಕೇಳಿದ ಏಳು ದಿನದಲ್ಲಿ ಕೊಡಬೇಕು. ಕರಾರು ಮುಗಿದ ಮೇಲೆ ಕಂಪನಿ ತನ್ನಲ್ಲಿರುವ ಪ್ರತಿಯನ್ನು ಅಳಿಸಿ ಬರಹದಲ್ಲಿ ತಿಳಿಸಬೇಕು. ಎಸ್‌ಎನ್‌ಎಫ್ ಸೂತ್ರ ಬದಲಿಸುವ ಮುಂಚೆ ಒಪ್ಪಿಗೆ ಪಡೆಯಬೇಕು. ಕೊನೆಯ ಕಂತು ಕೊಡುವ ಮುಂಚೆ ಆ ಸಿಎಸ್‌ವಿಯನ್ನು ಒಮ್ಮೆ ನಿಜವಾಗಿ ತರಿಸಿ, ತೆರೆದು ನೋಡಿ.

ಕಾರ್ಯದರ್ಶಿಗೆ ಈಗಲೇ ಪುರುಸೊತ್ತಿಲ್ಲ. ಇದನ್ನೆಲ್ಲ ಯಾರು ಬರೆಯುತ್ತಾರೆ?

ಬೆಳಗಿನ ಐದೂವರೆಗೆ ಕ್ಯಾನುಗಳ ಸಾಲಿನ ಮುಂದೆ ನಿಂತವರಿಂದ ಹೊಸ ಕಾಲಂ ತುಂಬಿಸಬಾರದು. ಯಂತ್ರದ ಸಂಖ್ಯೆ, ಸಮಯ, ಹೊತ್ತು, ಸೂತ್ರದ ಆವೃತ್ತಿ ಇವನ್ನು ಯಂತ್ರವೇ ತಾನಾಗಿ ಸೇರಿಸಬೇಕು. ಕಾರ್ಯದರ್ಶಿಯಿಂದ ಬೇಕಾದ್ದು ಎರಡೇ: ಯಂತ್ರ ಕೆಟ್ಟರೆ ‘ಕೈ’ ಗುರುತು, ಯಂತ್ರವನ್ನು ಸರಿಹೊಂದಿಸಿದ ದಿನಾಂಕ. ಉಳಿದದ್ದನ್ನು ವಿಸ್ತರಣಾಧಿಕಾರಿ ಸಂಘದ ಭೇಟಿಯ ದಿನ ಅವರೊಂದಿಗೆ ಕೂತು ಕೇಳಿ ಬರೆದುಕೊಳ್ಳಲಿ. ಹೊಸದೊಂದು ಕಾಲಂ ಕೇಳುವ ವಿಭಾಗ, ತನ್ನ ಹಳೆಯದೊಂದು ವರದಿಯನ್ನು ಕೈಬಿಡಬೇಕು ಎಂಬ ಷರತ್ತನ್ನು ಠರಾವಿನಲ್ಲೇ ಸೇರಿಸಿ.